ಕಲಾ ಇತಿಹಾಸದೊಳಗೆ ಕಾದಂಬರಿ ಎಲ್ಲಿ ನುಸುಳುತ್ತದೆ?

ಹರಿಹರದ ಗುಡಿಯಲ್ಲೋ ದುರ್ಗದ ಕೋಟೆಯಲ್ಲೋ ನಾಲ್ಕು ಜನ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ: "ಕಾದಂಬರಿ ಬರೆಯುವವರೂ ಕತೆ ಕಟ್ಟುತ್ತಾರೆ, ಶಿಲ್ಪದ ಇತಿಹಾಸ ಬರೆಯುವ ನೀವೂ ಕಟ್ಟುತ್ತೀರಿ. ವ್ಯತ್ಯಾಸ ಏನು ಮತ್ತೆ?"

ಕಟ್ಟುವುದು ನಿಜ. ಆದರೆ ಯಾವ ಮಾತಿಗೆ ಎಷ್ಟು ಆಧಾರ ಇದೆ ಎಂದು ಓದುವವರಿಗೆ ಕಾಣುವಂತೆ ಕಟ್ಟಬೇಕು. ಕಾದಂಬರಿಗೆ ಆ ಹಂಗಿಲ್ಲ.

ನಮ್ಮ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯನ್ನೇ ನೋಡಿ. ಅಲ್ಲಿನ ಅಶೋಕನ ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ, ತಾನು ಲಿಪಿಕಾರ ಎಂದು ಹೇಳಿಕೊಳ್ಳುವ ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಆ ಲಿಪಿ ಬಳಕೆಯಲ್ಲಿದ್ದದ್ದು ದೂರದ ವಾಯವ್ಯದಲ್ಲಿ, ಗಾಂಧಾರದ ಕಡೆ. ಈಗ ಮೂರು ವಾಕ್ಯ ಬರೆಯೋಣ. ಚಪಡನಿಗೆ ಖರೋಷ್ಠಿ ಬರುತ್ತಿತ್ತು: ಇದು ಬಂಡೆಯ ಮೇಲೇ ಇದೆ. ಅವನು ವಾಯವ್ಯದಿಂದ ಬಂದವನೋ ಅಲ್ಲಿನವರ ಹತ್ತಿರ ಕಲಿತವನೋ ಇರಬೇಕು: ಊಹೆ, ಆದರೆ ಕಾರಣವಿರುವ ಊಹೆ. ಬಯಲುಸೀಮೆಯ ಬಿಸಿಲಲ್ಲಿ ತವರು ನೆನೆದು ಕಣ್ಣು ಒದ್ದೆಯಾಗಿ ಆ ಪದ ಬರೆದ: ಇದು ಕಾದಂಬರಿ. ಚೆನ್ನಾಗಿಯೇ ಇದೆ, ಕಾದಂಬರಿಯಲ್ಲಿ ಇರಲಿ. ಅಂದಹಾಗೆ, ಬರೆದವನೇ ಉಳಿ ಹಿಡಿದು ಕೊರೆದ ಎಂದುಕೊಳ್ಳುವುದಕ್ಕೂ ಆಧಾರ ಬೇಕು.

ಜಕಣಾಚಾರಿಯ ಕತೆಯನ್ನು ಇತಿಹಾಸ ಎಂದುಕೊಳ್ಳುವ ಅಪಾಯವೇನೂ ಇಲ್ಲ. ಕಲ್ಲೊಳಗಿನ ಕಪ್ಪೆ ಕಂಡ ಕೂಡಲೇ ಅದು ಕತೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. 1117ರ ಬೇಲೂರಿನಲ್ಲಿ ಸಹಿ ಹಾಕಿದ ಶಿಲ್ಪಿಗಳಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಸಿಗುತ್ತಾರೆ, ಜಕಣಾಚಾರಿ ಸಿಗುವುದಿಲ್ಲ. ಕತೆಯಲ್ಲೂ ಅಪ್ಪ-ಮಗ, ಸಹಿಯಲ್ಲೂ ಅಪ್ಪ-ಮಗ, ಆದ್ದರಿಂದ ಆ ಸಹಿಯಿಂದಲೇ ಕತೆ ಹುಟ್ಟಿತು ಎನ್ನಲು ನಾಲಿಗೆ ತುರಿಸುತ್ತದೆ. ತಡೆದುಕೊಳ್ಳಬೇಕು.

ಅಪಾಯ ಇರುವುದು ಕತೆಯಂತೆ ಕಾಣದ ಕತೆಯಲ್ಲಿ. ಮಲ್ಲಿತಮ್ಮ ಎಂಬ ಹೊಯ್ಸಳ ಶಿಲ್ಪಿಯ ಸಹಿ 1196ರ ಅಮೃತಾಪುರದ ಗುಡಿಯಲ್ಲಿದೆ, 1246ರ ನುಗ್ಗೇಹಳ್ಳಿಯಲ್ಲಿದೆ, ಅದಾದ ಮೇಲಿನ ಸೋಮನಾಥಪುರದಲ್ಲೂ ಇದೆ. 60 ವರ್ಷಕ್ಕೂ ಮೀರಿದ ಅವಧಿ. ಇಪ್ಪತ್ತಕ್ಕೆ ಉಳಿ ಹಿಡಿದವನಾದರೂ ಕೊನೆಗೆ ಎಂಬತ್ತು ದಾಟಿರಬೇಕು. ಆದರೂ ಪುಸ್ತಕಗಳಲ್ಲಿ ಇವನು ಒಬ್ಬನೇ: ಎಳವೆಯಲ್ಲಿ ಅಮೃತಾಪುರ, ಮಾಗಿದ ಕೈಯಲ್ಲಿ ಸೋಮನಾಥಪುರ. ಇದು ಕಾದಂಬರಿಯ ನಾಯಕನ ಬೆಳವಣಿಗೆಯ ಅಚ್ಚು. ಒಬ್ಬನೇ ಇರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಾಡಿದು. ಸಹಿಯ ಅಕ್ಷರದ ಕೆತ್ತನೆ, ಜೊತೆಗಿರುವ ಶಿಲ್ಪಗಳ ಆಭರಣ, ಬೆರಳು, ಬಟ್ಟೆಯ ಮಡಿಕೆ ಇವನ್ನು ಊರಿಂದೂರಿಗೆ ಹೋಲಿಸದೆ ಇಬ್ಬರನ್ನು ಒಬ್ಬನಾಗಿಸಬಾರದು. ತೊಂದರೆ ಎಲ್ಲಾಗುತ್ತದೆಂದರೆ, ಮೊದಲು ಬರೆದವರು "ಇರಬಹುದು" ಎಂದಿರುತ್ತಾರೆ. ಎರಡನೆಯವರು ಎತ್ತಿಕೊಳ್ಳುವಾಗ ಅದನ್ನು ಬಿಡುತ್ತಾರೆ. ಮೂರನೆಯ ಪುಸ್ತಕದ ಹೊತ್ತಿಗೆ ಅದು ಸತ್ಯವಾಗಿ ಕೂತಿರುತ್ತದೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಇಟಲಿಯ ವಸಾರಿ 1550ರಲ್ಲಿ ಕಲಾವಿದರ ಜೀವನಗಳನ್ನು ಬರೆದ. ಕಲಾ ಇತಿಹಾಸ ಅಲ್ಲಿಂದಲೇ ಶುರು ಎನ್ನುವವರಿದ್ದಾರೆ. ಹೊಟ್ಟೆಕಿಚ್ಚಿಗೆ ಕಸ್ತಾನ್ಯೊ ಎಂಬ ಚಿತ್ರಕಾರ ಗೆಳೆಯ ದೊಮೆನಿಕೊ ವೆನೆಜಿಯಾನೊನನ್ನು ಕೊಂದ ಎಂದು ಅದರಲ್ಲಿದೆ. ದಾಖಲೆ ತೆಗೆದು ನೋಡಿದರೆ ಕೊಂದವನು ತೀರಿಕೊಂಡದ್ದು 1457ರಲ್ಲಿ, ಸತ್ತವನು 1461ರಲ್ಲಿ. ಶತಮಾನಗಟ್ಟಲೆ ಕಸ್ತಾನ್ಯೊನ ಚಿತ್ರಗಳ ಒರಟು ಗೆರೆಯಲ್ಲಿ ಜನ ಕೊಲೆಗಾರನ ಸ್ವಭಾವವನ್ನೇ ಕಂಡರು. ತಪ್ಪು ಕತೆ ಕಣ್ಣನ್ನೂ ಕೆಡಿಸುತ್ತದೆ.

ಊರ ಗುಡಿಯ ಬಗ್ಗೆ ಬರೆಯುವವರು ಹೀಗೆ ಮಾಡಬಹುದು. ಕರಡು ಮುಗಿದ ಮೇಲೆ, ಶಿಲ್ಪಿಯೋ ರಾಜನೋ ಕರ್ತೃವಾಗಿರುವ ಕ್ರಿಯಾಪದಗಳಿಗೆಲ್ಲ ಗೆರೆ ಎಳೆಯಿರಿ. ಕಟ್ಟಿಸಿದ, ಕೊಟ್ಟ, ಕೆತ್ತಿದ ಇವಕ್ಕೆ ಶಾಸನ ಸಿಗಬಹುದು. ಬಯಸಿದ, ತಲ್ಲಣಿಸಿದ, ಕನಸು ಕಂಡ ಇವಕ್ಕೆ ಸಿಗುವುದು ಅಪರೂಪ. ಹೊಡೆದುಹಾಕಿ, ಇಲ್ಲವೇ ಊಹೆ ಎಂದು ಹೇಳಿ. ಹರಿಹರದ್ದಾದರೆ ಶಾಸನಗಳನ್ನು ಜಿಲ್ಲಾವಾರು ಕೂಡಿಸಿರುವ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಆವೃತ್ತಿಯ 11ನೇ ಸಂಪುಟ ತೆಗೆಯಿರಿ; ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೇ ಹಳೇ ಚಿತ್ರದುರ್ಗ ಜಿಲ್ಲೆಯ ಸಂಪುಟ ನೋಡಬೇಕು. ಹರಿಹರ ದೇವರು ಗುಹಾಸುರ ಎಂಬ ರಾಕ್ಷಸನನ್ನು ಕೊಂದ ಎನ್ನುವ ಸ್ಥಳಪುರಾಣವನ್ನು ಬಿಡಬೇಡಿ, ಆದರೆ ಬೇರೆ ಪ್ಯಾರಾದಲ್ಲಿಡಿ.

ಇಷ್ಟೆಲ್ಲ ಹೇಳಿದರೂ ಕಾದಂಬರಿಕಾರರಿಂದ ಒಂದು ಕಲಿಯಲೇಬೇಕು. ಪಾತ್ರಗಳಿಗೆ ಹೊಟ್ಟೆಪಾಡು ಇದೆ ಎಂಬುದನ್ನು ಅವರು ಮರೆಯುವುದಿಲ್ಲ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಹರಿಹರೇಶ್ವರನ ಗುಡಿ ಕಟ್ಟಿಸಿದ ಎಂದು ಬರೆದು ನಾವು ಶೈಲಿಯ ಮಾತಿಗೆ ಹೊರಳಿಬಿಡುತ್ತೇವೆ. ಕಲ್ಲು ಎಲ್ಲಿಯದು, ಗಾಡಿ ಯಾರವು, ಆ ಕಂಬಗಳನ್ನು ಕಡೆಯಲು ಚರಕಿ ಹೂಡಿ ಅಷ್ಟು ಭಾರದ ಕಲ್ಲನ್ನು ತಿರುಗಿಸಿದವರು ಎಷ್ಟು ಮಂದಿ, ಅವರ ಕೂಲಿ ಕಾಳಿನಲ್ಲೋ ಹಣದಲ್ಲೋ ಎಂದು ನಮ್ಮಲ್ಲಿ ಕೇಳುವವರು ಕಡಿಮೆ.