ಇನ್ನೂ ಮುಗಿದಿಲ್ವಾ ನಿನ್ನ ಲಾರಿ?

ಮುಗಿದಿಲ್ಲ.

ಎರಡು ವರ್ಷ ಏಳು ತಿಂಗಳಿಂದ ಈ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಾ ಬಂದಿದ್ದೇನೆ. ಮೊದಲೆಲ್ಲ ಕೆಲಸ ನಿಲ್ಲಿಸಿ, ಕೈ ಒರೆಸಿಕೊಂಡು, ಕೂತು ವಿವರಿಸುತ್ತಿದ್ದೆ. ಆಮೇಲೆ ಲಾರಿಯ ಕೆಳಗೆ ಮಲಗಿಕೊಂಡೇ ಹೇಳತೊಡಗಿದೆ. ಈಗ ಬರೆದು ಇಡುತ್ತಿದ್ದೇನೆ. ಇನ್ನು ಕೇಳುವವರು ಇದನ್ನೇ ಓದಿಕೊಳ್ಳಲಿ.

ನನಗೆ ಚುಚ್ಚುವುದು ಆ 'ಇನ್ನೂ' ಎಂಬ ಮಾತು. ಹಳೇ ಲಾರಿ ಅಂದರೆ ಏನೋ ಸವೆದಿರುತ್ತದೆ, ಅದನ್ನು ತೆಗೆದು ಹೊಸದು ಹಾಕಿದರೆ ಆಯ್ತು ಅಂತ ಎಲ್ಲರ ಲೆಕ್ಕ. ಸವೆದದ್ದಷ್ಟೇ ಆಗಿದ್ದರೆ ನಾನು ಯಾವತ್ತೋ ಮುಗಿಸಿರುತ್ತಿದ್ದೆ. ಸವೆದ ಬೇರಿಂಗ್ ತೆಗೆದು ಹೊಸದು ಕೂರಿಸೋಕೆ ಒಂದು ದಿನ ಸಾಕು. ಈ ಲಾರಿ ಸವೆದು ಕೆಟ್ಟದ್ದು ಕಡಿಮೆ, ರಿಪೇರಿ ಮಾಡಿಸಿಕೊಂಡು ಕೆಟ್ಟದ್ದು ಜಾಸ್ತಿ. ಮೂವತ್ತು ವರ್ಷ ಇದಕ್ಕೆ ಕೈ ಹಾಕಿದವರೆಲ್ಲ ಒಂದೇ ಮಾತು ಹೇಳಿರಬೇಕು: "ಸದ್ಯಕ್ಕೆ ನಡೀಲಿ." ಎರಡೂವರೆ ವರ್ಷದಿಂದ ನಾನು ಬಿಚ್ಚುತ್ತಾ ಇರುವುದು ಆ 'ಸದ್ಯಕ್ಕೆ'ಗಳನ್ನೇ. ಒಂದರ ಮೇಲೆ ಒಂದು ತೇಪೆ. ಮೇಲಿನದು ಕಿತ್ತರೆ ಕೆಳಗೆ ಇನ್ನೊಂದು.

ಒಂದು ಉದಾಹರಣೆ ಪೂರ್ತಿ ಹೇಳುತ್ತೇನೆ. ಹೆಡ್‌ಲೈಟಿನ ಕಥೆ.

ಲಾರಿ ನನ್ನ ಕೈಗೆ ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ತೂತು ಕೊರೆದು ಮನೆ ಗೋಡೆಗೆ ಹಾಕುವಂಥ ಸ್ವಿಚ್ಚು ಕೂರಿಸಿದ್ದರು. ಅದಕ್ಕೆ ಒಂದು ದಪ್ಪ ಕೆಂಪು ವೈರು. ಅದು ಪೆಡಲ್ ಪಕ್ಕದ ತೂತಿನಿಂದ ಹೊರಗೆ ಬಂದು ನೇರವಾಗಿ ಬ್ಯಾಟರಿಗೆ. ಮಧ್ಯೆ ಫ್ಯೂಸಿಲ್ಲ. ಆ ವೈರಿನ ಹಿಂದೆ ಹಳೇ ವೈರಿಂಗಿನ ಸತ್ತ ಕಟ್ಟು ಹಾಗೇ ನೇತಾಡುತ್ತಿತ್ತು. ಒಂದೊಂದೇ ಜೋಡಣೆ ಬಿಚ್ಚಿದೆ. ಟೇಪಿನ ಅಂಟು ಕರಗಿ ಕಪ್ಪು ಜೇನಿನ ಹಾಗಾಗಿ ಬೆರಳಿಗೆ ಹತ್ತುತ್ತಿತ್ತು. ಒಳಗೆ ಬೆಸುಗೆಯಿಲ್ಲದೆ ಸುಮ್ನೆ ತಿರುಚಿದ ಎಳೆಗಳು. ತಾಮ್ರ ಹಸಿರಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ತುದಿಯಿಂದ ಬುಡಕ್ಕೆ ಹೋಗೋಕೆ ನಾಲ್ಕು ವಾರ ಬೇಕಾಯಿತು. ಬುಡದಲ್ಲಿ ಸಿಕ್ಕಿದ್ದು ಒಂದು ಅರ್ತ್ ಬೋಲ್ಟು.

ಅಲ್ಲಿಂದ ಈಚೆಗೆ ಏನೇನಾಗಿದೆ ಅಂತ ಲಾರಿಯೇ ಹೇಳುತ್ತದೆ. ಚಾಸಿಗೆ, ಅಂದರೆ ಲಾರಿಯ ಕೆಳಗಿನ ಉಕ್ಕಿನ ಚೌಕಟ್ಟಿಗೆ, ಕೂರುವ ಆ ಬೋಲ್ಟಿನ ಕೆಳಗೆ ತುಕ್ಕು ಹಿಡಿಯಿತು. ಬಲ್ಬಿಗೆ ಹೋದ ಕರೆಂಟು ವಾಪಸ್ ಬರುವ ದಾರಿ ಅದು. ದಾರಿ ಕಟ್ಟಿತು, ಲೈಟು ಮಂಕಾಯಿತು. ಬಲ್ಬಿಗೆ ಸಿಗುವ ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬೆಳಕು ಸುಮಾರು ಮೂವತ್ತು ಇಳಿಯುತ್ತದೆ. ಮಂಕಾಯಿತಲ್ಲ ಅಂತ 55 ವ್ಯಾಟಿನ ಬಲ್ಬು ತೆಗೆದು 100 ವ್ಯಾಟಿನದು ಹಾಕಿದರು. ಎರಡೂ ಲೈಟು ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತಿದ್ದದ್ದು 17ರ ಹತ್ತಿರ ಆಯಿತು. 15 ಆಂಪಿಯರ್ ಫ್ಯೂಸು ಮತ್ತೆ ಮತ್ತೆ ಹೋಗತೊಡಗಿತು. ಫ್ಯೂಸಿನ ಜಾಗಕ್ಕೆ ವೈರಿನ ಎಳೆ ಸುತ್ತಿದರು. ಫ್ಯೂಸು ಸುಡುವುದು ನಿಂತಿತು, ವೈರು ಸುಡುವುದು ಶುರುವಾಯಿತು. ಮೇಲಿನ ಪ್ಲಾಸ್ಟಿಕ್ ಕರಗಿ ಪಕ್ಕದ ಹಾರನ್ ವೈರಿಗೆ ಅಂಟಿತು. ಲೈಟು ಹಾಕಿದಾಗೆಲ್ಲ ಹಾರನ್ ಹೊಡೆದುಕೊಂಡಿರಬೇಕು. ಯಾಕೆಂದರೆ ಹಾರನ್ ವೈರನ್ನು ಅಲ್ಲೇ ಕತ್ತರಿಸಿ, ಅದಕ್ಕೂ ಒಂದು ಬೇರೆ ಬಟನ್ ಹಾಕಿದ್ದಾರೆ. ಕೊನೆಗೆ ಹಳೇ ವೈರಿಂಗಿನ ಸಹವಾಸವೇ ಬೇಡ ಅಂತ ಈ ಕೆಂಪು ವೈರು.

ಇಷ್ಟೆಲ್ಲ ಆದಮೇಲೂ ಲೈಟು ಮಂಕೇ. ಲೈಟು ಹಾಕಿ ಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 12.3 ವೋಲ್ಟ್, ಬಲ್ಬಿನಲ್ಲಿ 10.4. ಆ ಬೋಲ್ಟನ್ನು ಅಲ್ಲಿಯವರೆಗೆ ಯಾರೂ ಮುಟ್ಟಿರಲಿಲ್ಲ. ಬಿಚ್ಚಿ, ಎಮರಿ ಪೇಪರಿನಲ್ಲಿ ಬೆಳ್ಳಗಾಗುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದೆ. ಹತ್ತು ನಿಮಿಷದ ಕೆಲಸ. ಅದು ಮಾಡದೇ ಹೋದದ್ದಕ್ಕೆ ನಾನು ಇಡೀ ಲಾರಿಯ ವೈರಿಂಗು ಹೊಸದಾಗಿ ಎಳೆಯಬೇಕಾಯಿತು. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಚ್ಚುವ ರಿಲೇ ಸ್ವಿಚ್ಚು ಹಾಕಿ, ಪ್ರತಿ ಸಾಲಿಗೂ ಅದರದೇ ಫ್ಯೂಸು ಕೊಟ್ಟು, ಪ್ರತಿ ವೈರಿಗೂ ನಂಬರು ಹಚ್ಚಿದ್ದೇನೆ. ಅದಕ್ಕೇ ಮೂರು ತಿಂಗಳು ಹಿಡಿಯಿತು. "ಲೈಟಿಗೆ ಮೂರು ತಿಂಗಳಾ?" ಅಂತ ಕೇಳಿದವರಿದ್ದಾರೆ. ಹೌದು, ಲೈಟಿಗೆ ಮೂರು ತಿಂಗಳು.

ಇನ್ನೊಂದು ಮಾತಿದೆ. 'ಇನ್ನೂ' ಅನ್ನುವುದನ್ನಾದರೂ ತಡೆದುಕೊಂಡೇನು, ಇದನ್ನು ತಡೆಯೋಕಾಗಲ್ಲ. "ಸ್ಟಾರ್ಟ್ ಆಗುತ್ತಲ್ಲ, ಇನ್ನೇನು?"

ಇದನ್ನು ಮೊದಲು ಹೇಳಿದವರು ನಾನು ಮಾವ ಅಂತ ಕರೆಯುವ ಒಬ್ಬ ಹಿರಿಯರು. ಒಳ್ಳೆಯವರು, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಎಂಜಿನ್ ಓವರ್‌ಹಾಲ್ ಆಗಿ ಮೊದಲ ಸಲ ಹೊತ್ತಿಕೊಂಡ ಸುದ್ದಿ ಕೇಳಿ ಖುಷಿಯಿಂದ ಬಂದಿದ್ದರು. ಎಂಜಿನ್ ಸದ್ದು ಕೇಳಿ ಬಾನೆಟ್ ತಟ್ಟಿದರು. "ಸ್ಟಾರ್ಟ್ ಆಗುತ್ತಲ್ಲೋ, ಇನ್ನೇನು? ನಡಿ, ಒಂದು ರೌಂಡ್ ಹೋಗಿ ಬರೋಣ."

ಆ ವಾರವೇ ನಾನು ಹಿಂದಿನ ಬಲ ಚಕ್ರದ ಬ್ರೇಕು ಬಿಚ್ಚಿದ್ದೆ. ಡ್ರಮ್ಮಿನ ಒಳಗೆ ಪೂರ್ತಿ ಒಣಗಿ ಹೋಗಿತ್ತು. ಬ್ರೇಕ್ ಪೈಪು ಜೋಡಿಸುವ ಯೂನಿಯನ್ ನಟ್ಟು ಬಿಚ್ಚಿದರೆ ಒಳಗಿಂದ ಒಂದು ಉಕ್ಕಿನ ಗುಂಡು ಉರುಳಿ ಬಂತು. ಬೇರಿಂಗಿನೊಳಗೆ ಇರುವಂಥದ್ದು, ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದು. ಅಂಗೈಯಲ್ಲಿ ಇಟ್ಟುಕೊಂಡು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಅದು ಅಲ್ಲಿಗೆ ತಾನಾಗಿ ಹೋಗಲು ಸಾಧ್ಯವೇ ಇಲ್ಲ. ಯಾವತ್ತೋ ಆ ಚಕ್ರದ ವೀಲ್ ಸಿಲಿಂಡರ್, ಆಯಿಲ್ ಒತ್ತಡದಿಂದ ಬ್ರೇಕು ಒತ್ತುವ ಭಾಗ, ಸೋರಿದೆ. ರಬ್ಬರ್ ಬದಲಿಸುವ ಬದಲು ಪೈಪಿನ ಬಾಯಿಗೆ ಗುಂಡು ಇಟ್ಟು ಯೂನಿಯನ್ ಬಿಗಿದಿದ್ದಾರೆ. ಬ್ರೇಕ್ ಆಯಿಲ್ ಅಲ್ಲಿಗೆ ಹೋಗುವುದೇ ಇಲ್ಲ, ಸೋರುವುದೂ ಇಲ್ಲ. ಆ ಚಕ್ರಕ್ಕೆ ಬ್ರೇಕೂ ಇಲ್ಲ. ಬಲಗಡೆ ಹಿಡಿಯದಿದ್ದರೆ ಬ್ರೇಕು ಹಾಕಿದಾಗ ಲಾರಿ ಎಡಕ್ಕೆ ಎಳೆಯುತ್ತದೆ. ಎಳೆಯುತ್ತದೆ ಅಂತ ಹಿಂದಿನ ಎಡ ಚಕ್ರದ ಬ್ರೇಕನ್ನೂ ಸಡಿಲ ಮಾಡಿದ್ದಾರೆ. ಅಲ್ಲಿಗೆ ಹಿಂದಿನ ಆಕ್ಸಲ್ಲಿಗೆ ಬ್ರೇಕೇ ಇಲ್ಲದ ಹಾಗಾಯಿತು. ಲೋಡಿನ ಭಾರ ಹೆಚ್ಚಾಗಿ ಬೀಳುವ ಆಕ್ಸಲ್ ಅದು.

ಮಾವನಿಗೆ ಆ ಗುಂಡು ತೋರಿಸಿದೆ. ಬೆರಳ ಮಧ್ಯೆ ಹೊರಳಿಸಿ ನೋಡಿದರು. "ಆದರೂ ಹೀಗೇ ಓಡ್ತಾ ಇತ್ತಲ್ವಾ?" ಅಂದರು.

"ಓಡ್ತಾ ಇತ್ತು ಮಾವ. ನಿಲ್ತಾ ಇರಲಿಲ್ಲ."

ಅವರು ಮತ್ತೆ ರೌಂಡಿನ ಮಾತು ಎತ್ತಲಿಲ್ಲ. ಆ ಗುಂಡನ್ನು ನಾನು ಬಿಸಾಡಿಲ್ಲ. ಟೂಲ್ ಬಾಕ್ಸಿನ ಮೇಲೆ ಒಂದು ಮುಚ್ಚಳದಲ್ಲಿದೆ. ಸ್ಟಾರ್ಟ್ ಆಗುತ್ತಲ್ಲ ಅಂದವರಿಗೆಲ್ಲ ಅದನ್ನು ಕೈಗೆ ಕೊಡುತ್ತೇನೆ. ಸ್ಟಾರ್ಟ್ ಆಗದ ಲಾರಿಯಿಂದ ಯಾರೂ ಸಾಯಲ್ಲ ಕಣ್ರೀ. ಸ್ಟಾರ್ಟ್ ಆಗಿ ನಿಲ್ಲದೇ ಇರುವುದನ್ನು ನೆನೆದರೆ ನನಗೆ ಈಗಲೂ ಮೈ ಬೆವರುತ್ತದೆ.

ಬ್ರೇಕಿನಲ್ಲಿ ಅಷ್ಟಕ್ಕೇ ಮುಗಿಯಲಿಲ್ಲ. ಆಯಿಲ್ ಕಡಿಮೆಯಾದಾಗ ಕೈಗೆ ಸಿಕ್ಕ ಎಂಜಿನ್ ಆಯಿಲ್ಲೋ ಹೈಡ್ರಾಲಿಕ್ ಆಯಿಲ್ಲೋ ಸುರಿದಿದ್ದರು. ಬ್ರೇಕ್ ಫ್ಲೂಯಿಡ್ ಬೇರೆ ಜಾತಿಯದು, ಇದು ಬೇರೆ ಜಾತಿಯದು. ಎಂಜಿನ್ ಆಯಿಲ್ಲಿನಂಥ ಮಿನರಲ್ ಆಯಿಲ್ ತಾಗಿದರೆ ಬ್ರೇಕಿನ ರಬ್ಬರು ನೀರಲ್ಲಿ ನೆನೆಸಿದ ಕಡಲೆಯ ಹಾಗೆ ಉಬ್ಬುತ್ತದೆ. ಮಾಸ್ಟರ್ ಸಿಲಿಂಡರಿನಿಂದ ಹಿಡಿದು ನಾಲ್ಕೂ ಕಡೆಯ ರಬ್ಬರು, ಹೋಸು, ಪೈಪು ಎಲ್ಲಾ ಹೊಸದು ಹಾಕಿದೆ. ಒಂದು ಕಡೆ ಉಕ್ಕಿನ ಪೈಪು ಕತ್ತರಿಸಿ ಸಾದಾ ತಾಮ್ರದ ಪೈಪು ಜೋಡಿಸಿದ್ದರು. ಬಗ್ಗಿಸೋಕೆ ಸುಲಭ, ಅದಕ್ಕೆ. ನಡುಗಿ ನಡುಗಿ ತಾಮ್ರ ಗಡಸಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಅದು ಬಿಡುವ ಹೊತ್ತು ನಿಮ್ಮ ಕಾಲು ಬ್ರೇಕಿನ ಮೇಲೇ ಇರುತ್ತದೆ.

ಎಡ ಚಕ್ರಗಳ ನಟ್ಟಿನ ಕಥೆ ಚಿಕ್ಕದು. ತುಂಬಾ ಹಳೇ ಲಾರಿಗಳಲ್ಲಿ ಎಡಗಡೆ ಚಕ್ರಕ್ಕೆ ಉಲ್ಟಾ ಥ್ರೆಡ್ ಇರುತ್ತದೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಚಕ್ರ ತಿರುಗುತ್ತಾ ನಟ್ಟು ಸಡಿಲ ಆಗಬಾರದು ಅಂತ ಹಾಗೆ ಮಾಡುತ್ತಿದ್ದರು. ಇದಕ್ಕೂ ಹಾಗೇ ಇದೆ. ನಟ್ಟು ಕೂರುವ ಸ್ಟಡ್ಡಿನ ತಲೆಯ ಮೇಲೆ ಗುರುತೂ ಇದೆ. ಯಾರೋ ನೋಡಿಲ್ಲ. ಬಿಚ್ಚುತ್ತಿದ್ದೇನೆ ಅಂದುಕೊಂಡು ಸ್ಪ್ಯಾನರಿಗೆ ಪೈಪು ತೂರಿಸಿ, ಮೇಲೆ ನಿಂತು, ಬಿಗಿ ಮಾಡಿದ್ದಾರೆ. ಎಂಟರಲ್ಲಿ ಮೂರು ಸ್ಟಡ್ಡು ಕಟ್ಟಾಗಿತ್ತು. ಒಂದರಲ್ಲಿ ನಟ್ಟನ್ನು ಸ್ಟಡ್ಡಿಗೇ ವೆಲ್ಡ್ ಮಾಡಿದ್ದರು. ಉಳಿದದ್ದು ನಾಲ್ಕು.

ಎಂಜಿನ್ನಿನ ಬಿಸಿ ಹದದಲ್ಲಿಡುವ ಥರ್ಮೋಸ್ಟಾಟ್ ಇರಲೇ ಇಲ್ಲ. ಎಂಜಿನ್ ಬಿಸಿಯಾಗುತ್ತೆ ಅಂತ ತೆಗೆದು ಬಿಸಾಡಿದ್ದರು. ನಿಜವಾಗಿ ಕಟ್ಟಿಕೊಂಡಿದ್ದದ್ದು ರೇಡಿಯೇಟರ್. ಸೋರಿಕೆ ನಿಲ್ಲಿಸುವ ಪುಡಿ ಹಾಕಿ ಹಾಕಿ ಒಳಗೆಲ್ಲ ಗಟ್ಟಿಯಾಗಿತ್ತು.

ಚಾಸಿಯ ವಿಷಯಕ್ಕೆ ಬರುತ್ತೇನೆ. ಅತಿ ಹೆಚ್ಚು ದಿನ ತಿಂದದ್ದು ಅದೇ. ಬಲಗಡೆ ಉದ್ದ ಪಟ್ಟಿಯ ಮೇಲೆ ಒಂದರ ಮೇಲೊಂದು ಮೂರು ಕಬ್ಬಿಣದ ಪ್ಲೇಟು ಬೆಸೆದಿದ್ದರು. ಚೌಕ ಪ್ಲೇಟು, ಸುತ್ತಲೂ ದಪ್ಪ ವೆಲ್ಡಿಂಗು. ನೋಡಿದವರು "ಎಷ್ಟು ಗಟ್ಟಿಯಾಗಿ ಮಾಡಿದ್ದಾರೆ" ಅಂತ ಮೆಚ್ಚಿಕೊಳ್ಳುತ್ತಿದ್ದರು. ಅದೇ ತೊಂದರೆ. ಲಾರಿಯ ಚಾಸಿ ಸ್ವಲ್ಪ ಬಳುಕಬೇಕು, ಬಳುಕಲೆಂದೇ ಮಾಡಿದ್ದು. ಒಂದು ಜಾಗ ಅತಿ ಗಟ್ಟಿಯಾದರೆ ಬಳುಕುವ ಭಾರವೆಲ್ಲ ಆ ಪ್ಲೇಟಿನ ಅಂಚಿಗೆ ಬರುತ್ತದೆ. ಅಂಚು ಚಾಸಿಗೆ ಅಡ್ಡಲಾಗಿ ನೆಟ್ಟಗೆ ಇದ್ದರೆ ಅದೇ ಗೆರೆಯಲ್ಲಿ ಹೊಸ ಬಿರುಕು. ಮೊದಲ ಪ್ಲೇಟಿನ ಅಂಚಲ್ಲಿ ಬಿರುಕು ಬಿಟ್ಟಿತು, ಅದರ ಮೇಲೆ ಎರಡನೆಯದು. ಅದರ ಅಂಚಲ್ಲಿ ಬಿಟ್ಟಿತು, ಮೂರನೆಯದು. ಗ್ರೈಂಡರ್ ಹಿಡಿದು ಮೂರನ್ನೂ ತೆಗೆದಾಗ ಸಿಕ್ಕ ಮೊದಲ ಬಿರುಕು ನನ್ನ ಹೆಬ್ಬೆರಳಷ್ಟು ಉದ್ದ. ಅದು ಹೊರಟದ್ದು ಪಟ್ಟಿಯ ಕೆಳ ಅಂಚಿನಲ್ಲಿದ್ದ ಒಂದು ತೂತಿನಿಂದ. ಟೂಲ್ ಬಾಕ್ಸ್ ನೇತುಹಾಕೋಕೆ ಯಾರೋ ಕೊರೆದ ತೂತು. ಎಳೆತ ಅತಿ ಹೆಚ್ಚು ಬೀಳುವ ಜಾಗವೇ ಅದು, ಅಲ್ಲಿ ಕೊರೆಯಲೇಬಾರದು.

ಇದನ್ನು ನಾನೇ ಬೆಸೆಯಲಿಲ್ಲ. ಚಾಸಿ ಕೆಲಸ ಗೊತ್ತಿರುವ ವೆಲ್ಡರ್ ಸಿಗುವವರೆಗೆ ಐದು ತಿಂಗಳು ಕಾದೆ. ಆ ಐದು ತಿಂಗಳಲ್ಲೇ ನೀವೆಲ್ಲ ಜಾಸ್ತಿ ಕೇಳಿದ್ದು, ಇನ್ನೂ ಮುಗಿದಿಲ್ವಾ ಅಂತ. ಅವರು ಬಂದು ಮೊದಲು ಬ್ಯಾಟರಿ, ಆಲ್ಟರ್ನೇಟರ್ ಎರಡರ ವೈರೂ ಬಿಚ್ಚಿಸಿದರು. ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದ ಹಾಗೆ ಮಾಡಿದರು. ಬಿರುಕನ್ನು ಬುಡದವರೆಗೆ ತೋಡಿ, ಬೆಸೆದು, ಉಜ್ಜಿ ಸಮ ಮಾಡಿದರು. ಹೊರಗಿನ ಪ್ಲೇಟನ್ನು ಎರಡೂ ತುದಿ ಚೂಪಾಗಿ ಬರುವಂತೆ ಕತ್ತರಿಸಿದರು. ಒಂದೂವರೆ ದಿನ ಹಿಡಿಯಿತು. ಅಂಥವರಿಗೆ ಕಾಯುವುದೂ ಕೆಲಸವೇ.

ಇಷ್ಟು ಹೇಳಿದ ಮೇಲೆ ನನಗೆ ಒಂದು ಆಸೆ. ಯಾರಾದರೂ ಒಬ್ಬರು ಇದನ್ನು ಕೇಳಬೇಕಿತ್ತು: "ಹಳೇ ರಿಪೇರಿಗಳಲ್ಲಿ ಯಾವುದನ್ನಾದರೂ ಹಾಗೇ ಉಳಿಸಿಕೊಂಡಿದ್ದೀಯಾ?"

ಉಳಿಸಿಕೊಂಡಿದ್ದೇನೆ. ಗೇರ್‌ಬಾಕ್ಸ್ ಕೂರುವ ಎರಕದ ಬ್ರಾಕೆಟ್ಟು ಒಂದು ಕಾಲದಲ್ಲಿ ಎರಡು ತುಂಡಾಗಿತ್ತು. ಅದನ್ನು ಯಾರೋ ಹಿತ್ತಾಳೆಯಲ್ಲಿ ಬೆಸೆದಿದ್ದಾರೆ. ಎರಕದ ಕಬ್ಬಿಣಕ್ಕೆ ಸಾದಾ ವೆಲ್ಡಿಂಗ್ ಮಾಡಿದರೆ ತಣಿಯುವಾಗ ಪಕ್ಕದಲ್ಲೇ ಸೀಳುತ್ತದೆ. ಹಿತ್ತಾಳೆ ಅದಕ್ಕಿಂತ ಕಡಿಮೆ ಬಿಸಿಯಲ್ಲೇ ಕರಗುತ್ತದೆ, ಕಬ್ಬಿಣ ಕರಗಬೇಕಿಲ್ಲ. ಇದನ್ನು ಮಾಡಿದವರಿಗೆ ಅದು ಗೊತ್ತಿತ್ತು. ಗ್ರೀಸು, ಮಣ್ಣು ಎಲ್ಲಾ ತೊಳೆದ ಮೇಲೆ ಕಂಡಿತು, ಅಡ್ಡಕ್ಕೆ ಒಂದು ಬಂಗಾರದ ಬಣ್ಣದ ಗೆರೆ, ಅರದಿಂದ ನೀಟಾಗಿ ಉಜ್ಜಿದ್ದು. ಲಾರಿಯ ಕೆಳಗೆ, ಯಾರೂ ನೋಡದ ಜಾಗದಲ್ಲಿ, ಅರ ಹಿಡಿದು ಉಜ್ಜಿದ್ದಾರೆ. ಅದಕ್ಕೆ ನಾನು ಬಣ್ಣ ಹೊಡೆದಿಲ್ಲ.

ದಾರಿ ಮಧ್ಯೆ ಮಾಡಿದ ರಿಪೇರಿಯ ಮೇಲೂ ನನಗೆ ಸಿಟ್ಟಿಲ್ಲ. ರಾತ್ರಿ ಹೊತ್ತು ಲೋಡ್ ಇಟ್ಟುಕೊಂಡು ನಿಂತವನು ತಂತಿ ಕಟ್ಟುತ್ತಾನೆ, ಮರದ ತುಂಡು ತುರುಕುತ್ತಾನೆ, ಮನೆ ಸೇರುತ್ತಾನೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಸಿಟ್ಟು ಬರುವುದು ಮಾರನೇ ದಿನದ ಮೇಲೆ. ಬೆಳಗಾದ ಮೇಲೆ ಆ ತಂತಿ ಬಿಚ್ಚಬೇಕಿತ್ತು. ಬಿಚ್ಚುವ ಬದಲು ಮೇಲೆ ಟೇಪು ಸುತ್ತಿದ್ದಾರೆ, ಬಣ್ಣ ಹೊಡೆದಿದ್ದಾರೆ, ಕಾಣದ ಹಾಗೆ ಮಾಡಿದ್ದಾರೆ. ಮುಚ್ಚಿಟ್ಟದ್ದನ್ನು ಹುಡುಕೋಕೆ ನನ್ನ ಅರ್ಧ ದಿನಗಳು ಹೋಗಿವೆ.

ಅದಕ್ಕೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ವೈರು ಎಲ್ಲಿಂದ ಎಲ್ಲಿಗೆ, ಯಾವ ಬೋಲ್ಟು ಯಾವ ಅಳತೆ, ಎಲ್ಲಿ ಬೆಸೆದಿದೆ, ಯಾವುದು ಸರಿಯಾಗಿದೆ, ಯಾವುದನ್ನು ನಾನೂ ಸದ್ಯಕ್ಕೆ ಅಂತ ಬಿಟ್ಟಿದ್ದೇನೆ, ಎಲ್ಲಾ ಅದರಲ್ಲಿದೆ. ಎಡ ಚಕ್ರಗಳ ಪಕ್ಕ ಯಾವ ಕಡೆ ತಿರುಗಿಸಬೇಕು ಅಂತ ಕೆಂಪು ಬಣ್ಣದಲ್ಲಿ ಬಾಣ ಬರೆದಿದ್ದೇನೆ. ನನ್ನ ನಂತರ ಈ ಲಾರಿಗೆ ಕೈ ಹಾಕುವವರು ಯಾರೋ ಗೊತ್ತಿಲ್ಲ. ಅವರು ಹುಡುಕಾಡಬಾರದು.

ಸದ್ಯ ಉಳಿದಿರುವುದು ಕ್ಯಾಬಿನ್ನು. ಹೊರಗಿಂದ ಚೆನ್ನಾಗೇ ಕಾಣುತ್ತದೆ, ಬಣ್ಣ ಕೂಡ ಹೊಳೆಯುತ್ತದೆ. ನಿನ್ನೆ ಸಂಜೆ ಎಡ ಬಾಗಿಲಿನ ಕಂಬಕ್ಕೆ ಒಂದು ಅಯಸ್ಕಾಂತ ಹಿಡಿದು ಮೇಲಿನಿಂದ ಕೆಳಕ್ಕೆ ಸರಿಸುತ್ತಾ ಬಂದೆ. ಮೇಲೆ ಗಟ್ಟಿಯಾಗಿ ಹಿಡಿಯಿತು. ಹಿಡಿಕೆಯ ಹತ್ತಿರವೂ ಹಿಡಿಯಿತು. ಅಲ್ಲಿಂದ ಒಂದು ಗೇಣು ಕೆಳಗೆ ಬಂದಾಗ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅಲ್ಲಿ ತಗಡೇ ಇಲ್ಲ, ಬರೀ ಮೆತ್ತಿದ ಲಾಂಬಿ ಪುಟ್ಟಿ.