ಯಾವ ಹೆಡ್ಡಿಗೂ ಸೇರದ ಖರ್ಚು

ಯಾದಗಿರಿ ಜಿಲ್ಲೆಯ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯಲ್ಲಿ ನಾನು ಲೆಕ್ಕಪತ್ರ ಮತ್ತು ಅನುದಾನದ ಕೆಲಸ ನೋಡಿಕೊಳ್ಳುತ್ತೇನೆ. ಹಳ್ಳಿಗಳಲ್ಲಿ ಮಕ್ಕಳಿಗೆ ಸಂಜೆ ಕಲಿಕಾ ಕೇಂದ್ರ ನಡೆಸುವುದು ನಮ್ಮ ಕೆಲಸ. ವರ್ಷಕ್ಕೆ ಎಷ್ಟು ಹಣ ಬಂತು ಅಂತ ಎಲ್ಲರೂ ಕೇಳುತ್ತಾರೆ. ಅದರಲ್ಲಿ ಎಷ್ಟನ್ನು ನಾವೇ ಯೋಚಿಸಿ ಖರ್ಚು ಮಾಡಬಹುದು ಅಂತ ಕೇಳುವವರು ಕಡಿಮೆ. ಸಂಸ್ಥೆ ಉಳಿಯುವುದು ಈ ಎರಡನೇ ಪ್ರಶ್ನೆಯ ಉತ್ತರದ ಮೇಲೆ ಅಂತ ನನಗೆ ಈ ಕೆಲಸ ಕಲಿಸಿದೆ.

ಪ್ರಾಜೆಕ್ಟ್ ಹಣ ಹೆಡ್ ಹೆಡ್ ಆಗಿ, ಅಂದರೆ ಖರ್ಚಿನ ಬಾಬ್ತುವಾರು ಬರುತ್ತದೆ. ಪುಸ್ತಕಕ್ಕೆ ಇಷ್ಟು, ತರಬೇತಿಗೆ ಇಷ್ಟು, ಶಿಕ್ಷಕಿಯರ ಗೌರವಧನಕ್ಕೆ ಇಷ್ಟು. ಪುಸ್ತಕದಲ್ಲಿ ಉಳಿದ ಹಣವನ್ನು ಪ್ರಯಾಣಕ್ಕೆ ಹಾಕಬೇಕಾದರೂ ದಾನಿಗಳ ಒಪ್ಪಿಗೆ ಬೇಕು. ಅದು ಅವರ ಹಕ್ಕು, ನನಗೆ ತಕರಾರಿಲ್ಲ. ಆದರೆ ಆಡಿಟರ್ ಫೀಸು, ಕಚೇರಿ ಬಾಡಿಗೆ, ಬೈಕ್ ರಿಪೇರಿ, ಹಳೆ ಕಂಪ್ಯೂಟರ್, ಇವಕ್ಕೆ ಯಾವ ಹೆಡ್ಡೂ ಸಿಗುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಹೆರಿಗೆ ರಜೆ. ನಮ್ಮ ಶಿಕ್ಷಕಿಯರೆಲ್ಲ ಅದೇ ಊರಿನ ಹೆಣ್ಣುಮಕ್ಕಳು. ಹೆರಿಗೆ ಸೌಲಭ್ಯ ಕಾನೂನಿನ 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಕಾನೂನಿನಲ್ಲೇ ಇದೆ. ಕೊಡಲೇಬೇಕು, ಕೊಡುವುದೇ ಸರಿ. ಆದರೆ ಆ ಆರು ತಿಂಗಳು ಕೇಂದ್ರ ಮುಚ್ಚೋಕಾಗುತ್ತಾ? ಬದಲಿಗೆ ಬಂದವರಿಗೂ ದುಡ್ಡು ಕೊಡಬೇಕು. ಒಂದು ಹುದ್ದೆಗೆ ಎರಡು ಸಂಬಳ ಅಂದ ಕೂಡಲೇ ಪ್ರಾಜೆಕ್ಟ್ ಬಜೆಟ್ ಕೈಚೆಲ್ಲುತ್ತದೆ. ಒಂದೇ ಕೇಂದ್ರವನ್ನು ವರ್ಷಗಟ್ಟಲೆ ನಡೆಸಿ ಊರಿನವರ ನಂಬಿಕೆ ಗಳಿಸಿದ ಹೆಣ್ಣುಮಗಳು ಇದೇ ಕಾರಣಕ್ಕೆ ಕೆಲಸ ಬಿಡುವಂತಾದರೆ ನಷ್ಟ ಯಾರಿಗೆ?

ಕ್ಯಾಲೆಂಡರ್ ಕೂಡ ಹೊಂದುವುದಿಲ್ಲ. ಶಾಲೆ ತೆರೆಯುವುದು ಮೇ ಕೊನೆ, ಜೂನ್ ಹೊತ್ತಿಗೆ. ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಕಾನೂನಿನಂತೆ ಸಾಮಾಜಿಕ ಕೆಲಸಕ್ಕೆ ಕೊಡುವ ಹಣ, ಮಂಜೂರಾಗಿ ಕೈಗೆ ಬರುವಾಗ ಎಷ್ಟೋ ಸಲ ದಸರಾ ಹತ್ತಿರವಾಗಿರುತ್ತದೆ. ಅಷ್ಟರಲ್ಲಿ ನಮ್ಮ ಭಾಗದ ಕುಟುಂಬಗಳು ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೊರಡುವ ಕಾಲ ಬಂದಿರುತ್ತದೆ. ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳಬೇಕಾದರೆ ಅವರು ಬಸ್ ಹತ್ತುವ ಮೊದಲೇ ಮಾತಾಡಬೇಕು. ಅಜ್ಜಿಯ ಮನೆಯಲ್ಲೋ ಹಾಸ್ಟೆಲ್‌ನಲ್ಲೋ ವ್ಯವಸ್ಥೆ ಮಾಡಬೇಕು. ಆ ಓಡಾಟಕ್ಕೆ ಬೇಕಾದ ಹಣ ಜಾಸ್ತಿ ಏನಲ್ಲ, ಆದರೆ ಆಗಲೇ ಬೇಕು.

ಬೆಂಗಳೂರಿನ ಒಂದು ಕುಟುಂಬದ ಪ್ರತಿಷ್ಠಾನ ನಮಗೆ ಷರತ್ತಿಲ್ಲದ ಅನುದಾನ, ಅಂದರೆ ಯಾವ ಹೆಡ್ಡಿಗೂ ಕಟ್ಟಿಹಾಕದ ಹಣ, ಕೊಟ್ಟಾಗ ಮೊದಲು ಬದಲಾದದ್ದು ಇದೇ. ಅದು ನಮ್ಮ ಬಜೆಟ್‌ನಲ್ಲಿ ಸಣ್ಣ ಪಾಲು. ಆದರೂ ಗುಳೆ ಮಾತುಕತೆ ಮೊದಲೇ ಶುರುವಾಯಿತು. ಜೂನ್‌ನಲ್ಲಿ ಗೌರವಧನ ತಪ್ಪಲಿಲ್ಲ. ರಜೆ ಮುಗಿಸಿದ ಶಿಕ್ಷಕಿ ಅದೇ ಕೇಂದ್ರಕ್ಕೆ ವಾಪಸ್ ಬಂದರು. ಉಳಿದದ್ದನ್ನು ಟ್ರಸ್ಟಿಗಳ ತೀರ್ಮಾನದಂತೆ ಮೂರು ತಿಂಗಳ ಸಂಬಳದ ಮೀಸಲಾಗಿ ಇಟ್ಟೆವು.

ಕಾನೂನಿನ ಬಗ್ಗೆ ಒಂದಷ್ಟು ಗೊಂದಲ ಇದೆ, ಅದನ್ನೂ ಹೇಳಿಬಿಡುತ್ತೇನೆ. ಸಿಎಸ್‌ಆರ್‌ನಲ್ಲಿ ಆಡಳಿತ ವೆಚ್ಚ 5% ಮೀರಬಾರದು ಎಂಬ ಮಿತಿಯನ್ನು ನಮ್ಮಂಥ ಸಂಸ್ಥೆಗಳಿಗೆ ತೋರಿಸಿ ಬಜೆಟ್ ಕತ್ತರಿಸುವವರಿದ್ದಾರೆ. 2021ರ ತಿದ್ದುಪಡಿ ನಿಯಮದ ವ್ಯಾಖ್ಯೆ ಓದಿ ನೋಡಿ. ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ಕೆಲಸದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿನ ಮೇಲೆ. ಯೋಜನೆ ರೂಪಿಸುವ, ಜಾರಿ ಮಾಡುವ, ಉಸ್ತುವಾರಿ ನೋಡುವ ನೇರ ವೆಚ್ಚ ಅದರೊಳಗೆ ಬರುವುದಿಲ್ಲ. ವಿದೇಶಿ ದೇಣಿಗೆಯ ಕಥೆ ಬೇರೆ. 2020ರಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ಬದಲಾಗಿ ಆಡಳಿತ ವೆಚ್ಚದ ಮಿತಿ 50%ರಿಂದ 20%ಕ್ಕೆ ಇಳಿಯಿತು. ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವುದೂ ನಿಂತುಹೋಯಿತು. ಹಾಗಾಗಿ ದೇಶದೊಳಗಿನ ದಾನಿಗಳು ಕೊಡುವ ಷರತ್ತಿಲ್ಲದ ಹಣಕ್ಕೆ ಈಗ ಮೊದಲಿಗಿಂತ ತೂಕ ಜಾಸ್ತಿ. 2021ರಲ್ಲಿ ಎಡೆಲ್‌ಗಿವ್ ಎಂಬ ದಾನಿ ಪ್ರತಿಷ್ಠಾನ ಶುರು ಮಾಡಿದ ಗ್ರೋ ಫಂಡ್ 100 ಸಂಸ್ಥೆಗಳ ಮೂಲ ವೆಚ್ಚಗಳಿಗೆ ನೆರವಾಗಲು ಹೊರಟಿದ್ದು ಈ ಕೊರತೆಯನ್ನು ನೋಡಿಯೇ.

ಷರತ್ತು ಇಲ್ಲದಿದ್ದರೆ ಲೆಕ್ಕ ಹೇಗೆ ಸಿಗುತ್ತದೆ ಎಂದು ದಾನಿಗಳು ಕೇಳುವುದು ನ್ಯಾಯವೇ. ಆ ಹಣಕ್ಕೂ ಪ್ರತ್ಯೇಕ ಲೆಡ್ಜರ್ ಇದೆ, ಆಡಿಟ್ ಇದೆ. ಟ್ರಸ್ಟ್ ಡೀಡ್‌ನಲ್ಲಿ ಬರೆದ ಉದ್ದೇಶ ಬಿಟ್ಟು ಬೇರೆಗೆ ಬಳಸುವಂತಿಲ್ಲ. ಆದಾಯ ತೆರಿಗೆ ವಿನಾಯಿತಿ ಬೇಕಾದರೆ ವರ್ಷದ ಆದಾಯದ 85% ಆ ಉದ್ದೇಶಕ್ಕೇ ಖರ್ಚಾಗಬೇಕು. ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಾವ ಖರ್ಚಿಗೆ ಯಾಕೆ ಬಳಸಿದೆವು ಅಂತ ಎರಡು ಪುಟದ ಟಿಪ್ಪಣಿ ಬರೆದು ಕಳಿಸುತ್ತೇವೆ. ಹಣ ಬಳಸಿದ್ದಕ್ಕೆ ಕೊಡುವ ಯುಟಿಲೈಸೇಶನ್ ಸರ್ಟಿಫಿಕೇಟ್‌ಗಿಂತ ಆ ಟಿಪ್ಪಣಿಯಲ್ಲೇ ಸಂಸ್ಥೆ ಹೇಗೆ ನಡೆಯುತ್ತಿದೆ ಅನ್ನುವುದು ಚೆನ್ನಾಗಿ ಕಾಣುತ್ತದೆ.

ಈಗ ಪ್ರಾಜೆಕ್ಟ್ ಪ್ರಸ್ತಾವನೆಗಳಲ್ಲೂ ಬಾಡಿಗೆ, ಆಡಿಟ್, ಬದಲಿ ಶಿಕ್ಷಕಿಯ ಸಂಬಳಗಳನ್ನು ನೇರವಾಗಿ ಬರೆಯುತ್ತಿದ್ದೇವೆ. ಕೆಲವರು ಒಪ್ಪುತ್ತಾರೆ. ಕೆಲವರು ತೆಗೆಯಿರಿ ಅನ್ನುತ್ತಾರೆ. ತೆಗೆಯಿರಿ ಅಂದವರಿಗೆ ನಮ್ಮ ಹಿಂದಿನ ವರ್ಷದ ನಿಜ ವೆಚ್ಚದ ಪಟ್ಟಿ ಕಳಿಸಿ, ಇದರಲ್ಲಿ ಯಾವುದಿಲ್ಲದೆ ಕೇಂದ್ರ ನಡೆಸಬಹುದು ಅಂತ ಕೇಳುತ್ತೇನೆ. ಆಮೇಲೆ ನಡೆಯುವ ಮಾತುಕತೆ ಬಹಳ ಸಲ ಚೆನ್ನಾಗಿರುತ್ತದೆ.