ಲೋಗೋ ಹಲವು, ಕ್ಯಾಮೆರಾ ಒಂದೇ

ರಾಯಚೂರಿನ ಯಾವ ಪ್ರೆಸ್‌ಮೀಟ್‌ಗೆ ಹೋದರೂ ಮೇಜಿನ ತುಂಬಾ ಚಾನೆಲ್ ಲೋಗೋಗಳು. ಆದರೆ ಲೋಗೋ ಇದ್ದಷ್ಟು ಜನ ಇರುವುದಿಲ್ಲ. ಒಬ್ಬನೇ ಸ್ಟ್ರಿಂಗರ್, ಅಂದರೆ ಸಂಬಳವಿಲ್ಲದೆ ಸುದ್ದಿಗಿಷ್ಟು ಎಂದು ಕೆಲಸ ಮಾಡುವ ವರದಿಗಾರ, ಬೆಂಗಳೂರಿನ ಎರಡು ಚಾನೆಲ್‌ಗೆ ವಿಷುವಲ್ಸ್ ಕಳಿಸುತ್ತಾನೆ, ಊರಿನ ಕೇಬಲ್ ಚಾನೆಲ್‌ಗೂ ಕೊಡುತ್ತಾನೆ. ಆ ಕೇಬಲ್ ಚಾನೆಲ್‌ನಲ್ಲಿ ಎಡಿಟಿಂಗ್ ಮಾಡುವವನು ನಾನು.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬರಲಿಲ್ಲ ಎಂದು ಸಿರವಾರ, ಮಾನ್ವಿ ಕಡೆಯ ರೈತರು ರಸ್ತೆಯಲ್ಲಿ ಕೂತರು ಅನ್ನಿ. ಬೆಂಗಳೂರಿಗೆ ಹೋದ ಫುಟೇಜ್‌ನಲ್ಲಿ ಟೈರ್ ಸುಡುವುದಷ್ಟೇ ಉಳಿಯುತ್ತದೆ. ಅದೂ ಅರ್ಧ ನಿಮಿಷ. ನಮ್ಮ ಬುಲೆಟಿನ್‌ನಲ್ಲಿ ಕಾಲುವೆಯ 69ನೇ ಮೈಲ್‌ನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ, ಮೇಲಿನವರು ಎಷ್ಟು ನೀರು ಎಳೆದುಕೊಂಡರು, ಎಂಜಿನಿಯರ್ ಏನು ಹೇಳಿದರು, ಎಲ್ಲಾ ಬರುತ್ತದೆ. ರೈತರು ಕಾಯುವುದು ಇದಕ್ಕೇ ಅಲ್ವಾ? ಬೆಂಗಳೂರಿನವರಿಗೆ ನಮ್ಮೂರು ನೆನಪಾಗುವುದು ಏಪ್ರಿಲ್‌ನಲ್ಲಿ, ಬಿಸಿಲಿನ ಸ್ಟೋರಿಗೆ.

ಅಮೆರಿಕದಲ್ಲಿರುವ ನಮ್ಮ ಅತ್ತೆಯ ಮಗನಿಗೆ ಇದನ್ನೆಲ್ಲಾ ಹೇಳಿದರೆ ಅವನು ನಗುತ್ತಾನೆ. ಅಲ್ಲಿ ಎನ್‌ಬಿಸಿ, ಸಿಬಿಎಸ್, ಎಬಿಸಿಯಂಥ ನೆಟ್‌ವರ್ಕ್‌ಗಳು ಊರೂರಿನ ಸ್ಟೇಷನ್ ಜೊತೆ ಒಪ್ಪಂದ ಮಾಡಿಕೊಳ್ಳುತ್ತವೆ. ಊರಿನ ಸುದ್ದಿ ಸ್ಟೇಷನ್ನಿನದು, ದೇಶದ ಸುದ್ದಿ ನೆಟ್‌ವರ್ಕ್‌ನದು. ಒಪ್ಪಂದ ಮುರಿಯುವುದೂ ಉಂಟು. 1994ರಲ್ಲಿ ಅಮೆರಿಕನ್ ಫುಟ್‌ಬಾಲ್ ಪ್ರಸಾರದ ಹಕ್ಕು ಸಿಬಿಎಸ್ ಕೈತಪ್ಪಿ ಫಾಕ್ಸ್ ಎಂಬ ಇನ್ನೊಂದು ನೆಟ್‌ವರ್ಕ್ ಪಾಲಾಯಿತು. ಹಿಂದೆಯೇ ಎಷ್ಟೋ ಸ್ಟೇಷನ್‌ಗಳು ಫಾಕ್ಸ್ ಕಡೆ ಹೋದವು. ಡೆಟ್ರಾಯ್ಟ್‌ನಲ್ಲಿ ಸಿಬಿಎಸ್‌ಗೆ ನೆಲೆಯೇ ತಪ್ಪಿತು. 62ನೇ ನಂಬರಿನ ಒಂದು ಸಣ್ಣ ಚಾನೆಲ್ ಕೊಂಡುಕೊಂಡರು. ಅಷ್ಟು ದೊಡ್ಡ ನೆಟ್‌ವರ್ಕ್‌ನ ಸ್ವಂತ ಸ್ಟೇಷನ್, ಆದರೆ ಬಹಳ ವರ್ಷ ಅದಕ್ಕೆ ಊರಿನ ಸುದ್ದಿಯ ದೊಡ್ಡ ತಂಡವೇ ಇರಲಿಲ್ಲ! ಅದು ಬಂದದ್ದು 2023ರ ಹೊತ್ತಿಗೆ. ಇದನ್ನು ಕೇಳಿ ನನಗೂ ಸ್ವಲ್ಪ ಸಮಾಧಾನವಾಯಿತು ಅನ್ನಿ.

ನಮ್ಮ ಜಿಲ್ಲೆಯ ಕಥೆ ಇನ್ನೂ ಮಜಾ ಇದೆ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾಗಿದ್ದು 1981ರಲ್ಲಿ. ರಾಯಚೂರಿನ ಹಳ್ಳಿಗಳು 1975ರಲ್ಲೇ ಹಳ್ಳಿಗಳಿಗೆ ಉಪಗ್ರಹದಿಂದ ಟೀವಿ ತಲುಪಿಸುವ ಪ್ರಯೋಗವಾದ ಸೈಟ್ ಯೋಜನೆಯಲ್ಲಿ ಉಪಗ್ರಹದ ಟೀವಿ ನೋಡಿದ್ದವು. ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. 2000ದಲ್ಲಿ ಈಟೀವಿ ಕನ್ನಡ ಬಂತು, ಅದರ ನ್ಯೂಸ್ ಓದುತ್ತಿದ್ದದ್ದೂ ಅಲ್ಲಿಂದಲೇ. ನಮ್ಮ ಸುದ್ದಿ ಯಾವಾಗಲೂ ಬೇರೆ ಊರು ಸುತ್ತಿಯೇ ಮನೆಗೆ ಬರುತ್ತದೆ.

ಕೇಬಲ್ ಒಂದೇ ಸೀದಾ ಬರುತ್ತಿತ್ತು. ಕಂಟ್ರೋಲ್ ರೂಮಿನಲ್ಲಿ ಒಂದು ಮಾಡ್ಯುಲೇಟರ್ (ನಮ್ಮ ವಿಡಿಯೋವನ್ನು ಕೇಬಲ್‌ನ ಒಂದು ಚಾನೆಲ್‌ಗೆ ಸೇರಿಸುವ ಪೆಟ್ಟಿಗೆ) ಕೂರಿಸಿದರೆ ಮುಗಿಯಿತು, ಚಾನೆಲ್ ರೆಡಿ. ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ ಸಿಗ್ನಲ್ ದೊಡ್ಡ ಆಪರೇಟರ್ ಕೈಗೆ ಹೋಯಿತು. ಅವರು ಜಾಗ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಹೇಳದೆ ಕೇಳದೆ ನಂಬರ್ ಬದಲಾಗುತ್ತದೆ. ಗಂಜ್‌ನ, ಅಂದರೆ ಕೃಷಿ ಮಾರುಕಟ್ಟೆಯ, ವ್ಯಾಪಾರಿಗಳು ಫೋನ್ ಮಾಡಿ, 'ಏನಪಾ, ಹತ್ತಿ ರೇಟ್ ಯಾವ ನಂಬರಿನಾಗ ಬರ್ತದ?' ಎಂದು ಬೈಯುವುದು ಮಾತ್ರ ನಮಗೆ.

ಈಗ ಬುಲೆಟಿನ್ ಯೂಟ್ಯೂಬ್‌ಗೂ ಹಾಕುತ್ತೇವೆ. ಅಲ್ಲಿ ಜಾಸ್ತಿ ಓಡುವುದು ಮುಂಗಾರು ಹಬ್ಬದಲ್ಲಿ ಎತ್ತುಗಳು ಕಲ್ಲು ಎಳೆಯುವ ವಿಡಿಯೋ. ಕಾಲುವೆ ಗೇಜ್ ನೋಡುವವರು ಕಡಿಮೆ, ಆದರೆ ಅವರು ಕೊನೆವರೆಗೂ ನೋಡುತ್ತಾರೆ.